ಹೊಗೆಸೊಪ್ಪಿನ ಸೀಮೆಗೆ ಪ್ರವಾಸಿ ಬಂದರಷ್ಟೇ ಸಾಕೆ?

ವಾರಾಂತ್ಯದ ಬೆಳಿಗ್ಗೆ ಮೈಸೂರು–ಹುಣಸೂರು ಹೆದ್ದಾರಿಯಲ್ಲಿ ಕಾರುಗಳ ಸಾಲು ಕಡಿಯುವುದೇ ಇಲ್ಲ. ಬೆಂಗಳೂರಿನಿಂದ ನಸುಕಿನಲ್ಲೇ ಹೊರಟವರು, ಮೈಸೂರಿನ ಸಂಸಾರಗಳು, ಟೆಂಪೊ ಟ್ರಾವೆಲರ್ ತುಂಬಿಕೊಂಡ ಕಾಲೇಜು ಹುಡುಗರು ಎಲ್ಲರೂ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿನತ್ತ ಹೋಗುತ್ತಾರೆ. ನಡುವೆ ಕಾಫಿಗೋ ಡೀಸೆಲ್‌ಗೋ ಹತ್ತು ನಿಮಿಷ ನಿಂತರೆ ಅದೇ ಹೆಚ್ಚು. ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಎತ್ತರದ ಗೋಡೆಯ ಸಣ್ಣ ಕಟ್ಟಡಗಳು ಕಾಣುತ್ತವೆ. ಅವು ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಆ ಕಾರುಗಳ ಲೋಕಕ್ಕೂ ಈ ಬ್ಯಾರನ್‌ಗಳ ಲೋಕಕ್ಕೂ ಸದ್ಯಕ್ಕೆ ಯಾವ ವ್ಯವಹಾರವೂ ಇಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳು ದೇಶದ ವರ್ಜೀನಿಯಾ ತಂಬಾಕಿನ ಪ್ರಮುಖ ಸೀಮೆ. ಜಗತ್ತು ತಂಬಾಕಿಗೆ ಬೆನ್ನು ತಿರುಗಿಸುತ್ತಿದೆ, ಬದಲಿ ದಾರಿ ಹುಡುಕಿ ಎಂಬ ಮಾತು ಇಲ್ಲಿನ ರೈತರ ಕಿವಿಗೆ ಬೀಳುತ್ತ ಎರಡು ದಶಕಗಳಾದವು. ಬದಲಿಯ ಪಟ್ಟಿಯಲ್ಲಿ ಪ್ರವಾಸೋದ್ಯಮದ ಹೆಸರು ಮೇಲೆಯೇ ಇರುತ್ತದೆ. ಕಾಡು, ನದಿ, ಬೆಟ್ಟ, ಬೌದ್ಧ ವಿಹಾರ, ಜಾತ್ರೆ ಎಲ್ಲವೂ ಈ ನಾಲ್ಕು ತಾಲ್ಲೂಕುಗಳಲ್ಲಿವೆ. ಆದರೂ ಪ್ರವಾಸೋದ್ಯಮ ಇಲ್ಲಿನ ರೈತನ ಮನೆಯ ಲೆಕ್ಕಕ್ಕೆ ಬಂದಿಲ್ಲ. ಏಕೆ ಬಂದಿಲ್ಲ, ಬರಬೇಕಾದರೆ ಏನು ಮಾಡಬೇಕು ಎಂಬುದೇ ಈಗ ಕೇಳಬೇಕಾದ ಪ್ರಶ್ನೆ.

ತಂಬಾಕು ಬೇರುಬಿಟ್ಟ ಬಗೆ

ಈ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ತಂಬಾಕನ್ನೇ ನೋಡಬೇಕು. ಕೆಂಪು ಮಣ್ಣು, ಮುಂಗಾರಿನ ಹದವಾದ ಮಳೆ ಈ ಬೆಳೆಗೆ ಒಗ್ಗಿದವು, ನಿಜ. ಮಣ್ಣು, ಮಳೆಗಳಷ್ಟರಿಂದಲೇ ಒಂದು ಬೆಳೆ ತಲೆಮಾರುಗಟ್ಟಲೆ ನಿಲ್ಲುವುದಿಲ್ಲ. ತಂಬಾಕು ಮಂಡಳಿ ಕಾಯ್ದೆ 1975ರಲ್ಲಿ ಬಂತು. 1976ರ ಜನವರಿ 1ರಂದು ಗುಂಟೂರನ್ನು ಕೇಂದ್ರವಾಗಿಸಿಕೊಂಡು ಮಂಡಳಿ ಕೆಲಸ ಶುರುಮಾಡಿತು. ಕರ್ನಾಟಕದಲ್ಲಿ 1984ರಲ್ಲಿ ಹರಾಜು ಪದ್ಧತಿ ಜಾರಿಯಾಯಿತು. ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಎಚ್.ಡಿ. ಕೋಟೆಗಳಲ್ಲಿ ಹರಾಜು ಮಾರುಕಟ್ಟೆಗಳು ಬಂದವು. ಹುಣಸೂರಿನಲ್ಲಿ ಸಂಶೋಧನಾ ಕೇಂದ್ರವಿದೆ. ಬ್ಯಾರನ್‌ಗೆ ಪರವಾನಗಿ, ಪರವಾನಗಿ ಇದ್ದವನಿಗೆ ಬ್ಯಾಂಕ್ ಸಾಲ, ಹಂಗಾಮಿಗೆ ಮುಂಚೆ ರಸಗೊಬ್ಬರ, ಸೊಪ್ಪಿಗೆ ದರ್ಜೆ, ಮಾರಿದ ಮೇಲೆ ಖಾತೆಗೆ ಹಣ: ಹೀಗೆ ಬೀಜದಿಂದ ಬೇಲ್‌ವರೆಗೆ ಒಂದು ಕಟ್ಟುಪಾಡು ಬೆಳೆಯಿತು.

ದುಡಿಮೆ ಮಾತ್ರ ಮೈಮುರಿಯುವಂಥದ್ದು. ಕೆಳಗಿನಿಂದ ಒಂದೊಂದೇ ಸುತ್ತು ಸೊಪ್ಪು ಮುರಿದು ತಂದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಬೇಕು. ಆಮೇಲೆ ಐದಾರು ದಿನ, ಹಗಲಿರುಳು ಒಲೆಗೆ ಸೌದೆ ಒಡ್ಡುತ್ತಲೇ ಇರಬೇಕು. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು, ನಂತರ ಎಲೆ ಒಣಗಬೇಕು, ಕೊನೆಗೆ ಕಾವು ಏರಿಸಿ ನಡುವಿನ ದಂಟು ಒಣಗಿಸಬೇಕು. ಒಂದು ರಾತ್ರಿ ಕಣ್ಣು ಹತ್ತಿ ಕಾವು ಹೆಚ್ಚುಕಡಿಮೆಯಾದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ದರ್ಜೆ ಇಳಿಯುತ್ತದೆ, ದರ್ಜೆಯೊಂದಿಗೆ ಬೆಲೆಯೂ. ಸೌದೆಗೆ ಮರ ಹೋಗುತ್ತದೆ, ಹಸಿ ಸೊಪ್ಪು ಮುಟ್ಟಿದ ಕೂಲಿಯವರಿಗೆ ತಲೆಸುತ್ತು, ವಾಂತಿ ಬರುತ್ತದೆ. ಇಷ್ಟಾದರೂ ರೈತ ಇದನ್ನು ಬಿಡದಿರುವುದಕ್ಕೆ ಕಾರಣ ಸರಳ: ಬೆಳೆದದ್ದನ್ನು ಕೊಂಡುಹೋಗಲು ಒಂದು ಜಾಗವಿದೆ, ಕೊಳ್ಳುವವರು ಅಲ್ಲಿಗೇ ಬರುತ್ತಾರೆ.

ಭಾರತ 2004ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಆ ಒಪ್ಪಂದದ 17ನೇ ವಿಧಿ, ತಂಬಾಕು ನಂಬಿದ ರೈತರಿಗೆ, ಕಾರ್ಮಿಕರಿಗೆ ಬದುಕು ನಡೆಯುವಂಥ ಪರ್ಯಾಯ ಒದಗಿಸಲು ದೇಶಗಳು ಮುಂದಾಗಬೇಕೆನ್ನುತ್ತದೆ. ಪರ್ಯಾಯದ ಮಾತು ಬಂದಾಗಲೆಲ್ಲ ಮುಸುಕಿನ ಜೋಳ, ಶುಂಠಿ, ಹತ್ತಿ, ರೇಷ್ಮೆ ಎಂದು ಬೆಳೆಗಳ ಹೆಸರು ಹೇಳುವುದು ರೂಢಿ. ಶುಂಠಿಯ ಬೆಲೆ ಒಂದು ವರ್ಷ ಏರಿ ಮರುವರ್ಷ ಪಾತಾಳ ಕಂಡದ್ದನ್ನು ಈ ಸೀಮೆಯ ರೈತರು ನೋಡಿದ್ದಾರೆ. ಹೊಲದಾಚೆಯ ಆದಾಯವೊಂದು ಮನೆಗೆ ಬರಬೇಕೆಂಬ ಮಾತಿಗೆ ಬಲ ಬರುವುದು ಇಲ್ಲಿಯೇ.

ಬೈಲಕುಪ್ಪೆಯ ಪಾಠ

ಪ್ರವಾಸಿಗರು ಬರುತ್ತಿಲ್ಲ ಎಂದು ಈ ಸೀಮೆ ಗೋಳಾಡುವಂತಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನೇ ನೋಡಿ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಟಿಬೆಟಿನ ನಿರಾಶ್ರಿತರಿಗೆ ಇಲ್ಲಿ ಕಾಡುನೆಲ ಕೊಟ್ಟಿತು. ಅವರು ಕಾಡು ಕಡಿದು ಜೋಳ ಬೆಳೆದರು, ಮಠಗಳನ್ನು ಕಟ್ಟಿದರು. ಬೌದ್ಧ ಗುರು ಪೆನೋರ್ ರಿಂಪೋಚೆ 1963ರಲ್ಲಿ ಆರಂಭಿಸಿದ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರ 1999ರಲ್ಲಿ ಉದ್ಘಾಟನೆಯಾಯಿತು. ಬುದ್ಧ, ಪದ್ಮಸಂಭವ, ಅಮಿತಾಯು ಈ ಮೂವರ ಚಿನ್ನದ ಲೇಪದ ಬೃಹತ್ ಮೂರ್ತಿಗಳನ್ನು ನೋಡಲು ವರ್ಷವಿಡೀ ಜನ ಬರುತ್ತಾರೆ.

ಬಂದವರು ಏನು ಮಾಡುತ್ತಾರೆ? ವಾಹನ ನಿಲ್ಲಿಸುತ್ತಾರೆ, ಒಂದು ಗಂಟೆ ಸುತ್ತುತ್ತಾರೆ, ಮೊಮೊ ತಿಂದು, ಫೋಟೊ ತೆಗೆದು, ಪ್ರಾರ್ಥನಾ ಪತಾಕೆಯೊಂದನ್ನು ಕೊಂಡು ಮತ್ತೆ ಬಸ್ ಹತ್ತುತ್ತಾರೆ. ರಾತ್ರಿ ಉಳಿಯುವುದು ಕೆಲವೇ ಕಿಲೋಮೀಟರ್ ಆಚೆಯ ಕುಶಾಲನಗರದಲ್ಲಿ ಅಥವಾ ಮಡಿಕೇರಿಯಲ್ಲಿ. ವಿದೇಶಿಯರು ಟಿಬೆಟನ್ ವಸಾಹತಿನೊಳಗೆ ತಂಗಬೇಕಾದರೆ ವಿಶೇಷ ಅನುಮತಿ ಪತ್ರ ಬೇಕು. ಸ್ವರ್ಣಮಂದಿರವನ್ನು ‘ಕುಶಾಲನಗರದ ಗೋಲ್ಡನ್ ಟೆಂಪಲ್’ ಎಂದೇ ತಿಳಿದವರು ಬಹಳ ಮಂದಿ. ದೇಗುಲ ಮೈಸೂರು ಜಿಲ್ಲೆಯದು. ಕೊಠಡಿ ಬಾಡಿಗೆ, ರಾತ್ರಿಯ ಊಟ, ಮರುದಿನದ ಟ್ಯಾಕ್ಸಿಯ ಹಣವೆಲ್ಲ ಗಡಿಯಾಚೆ.

ಪ್ರವಾಸೋದ್ಯಮದ ಮೊದಲ ಪಾಠ ಇದರಲ್ಲೇ ಇದೆ. ಎಷ್ಟು ಜನ ಬಂದರು ಎಂಬ ಅಂಕಿಯಿಂದ ಊರಿನ ಹೊಟ್ಟೆ ತುಂಬುವುದಿಲ್ಲ. ಒಬ್ಬ ಪ್ರವಾಸಿ ಒಂದು ರಾತ್ರಿ ಉಳಿದರೆ ಎರಡು ಹೊತ್ತಿನ ಊಟ, ಹಾಲು, ತರಕಾರಿ, ಬಟ್ಟೆ ಒಗೆಯುವವರು, ಆಟೊ ಓಡಿಸುವವರು, ದಾರಿ ತೋರಿಸುವವರು ಎಲ್ಲರಿಗೂ ಒಂದಿಷ್ಟು ಸಿಗುತ್ತದೆ. ಹಗಲಿನಲ್ಲಿ ಬಂದುಹೋದವನು ಬಿಟ್ಟುಹೋಗುವುದು ಬಹುತೇಕ ಪಾರ್ಕಿಂಗ್ ಶುಲ್ಕ ಮತ್ತು ಪ್ಲಾಸ್ಟಿಕ್ ಬಾಟಲಿ.

ಅವನನ್ನು ಉಳಿಸಿಕೊಳ್ಳುವಂಥದ್ದು ಅಕ್ಕಪಕ್ಕದಲ್ಲೇ ಇದೆ. ಅದೇ ತಾಲ್ಲೂಕಿನ ಬೆಟ್ಟದಪುರದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಗುಡಿ. ಸಿಡಿಲು ಬಂದು ಲಿಂಗವನ್ನು ಮುಟ್ಟುತ್ತದೆ ಎಂಬುದು ಜನರ ನಂಬಿಕೆ. ಪಿರಿಯಾಪಟ್ಟಣವೋ ಚೆಂಗಾಳ್ವ ಅರಸರ ಕೋಟೆ ಇದ್ದ ಊರು. ಬೈಲಕುಪ್ಪೆಗೆ ಬಂದವರಲ್ಲಿ ಎಷ್ಟು ಮಂದಿಗೆ ಈ ಎರಡು ಹೆಸರು ಗೊತ್ತು? ಅವನ್ನು ತಿಳಿಸುವ ಒಂದು ಫಲಕ, ಹೋಗಿಬರಲು ಒಂದು ಬಸ್ಸು, ನಂಬಿ ಮಲಗಬಹುದಾದ ಒಂದು ಮನೆ, ಇಷ್ಟು ಸಿಕ್ಕರೆ ಬಂದವನು ಒಂದು ದಿನವಾದರೂ ಹೆಚ್ಚು ನಿಲ್ಲುತ್ತಾನೆ.

ಕಬಿನಿಯ ಎರಡು ದಡ

ಪ್ರವಾಸಿ ರಾತ್ರಿ ಉಳಿಯುವ ಜಾಗವೂ ಈ ಸೀಮೆಯಲ್ಲಿದೆ. ಅದು ಎಚ್.ಡಿ. ಕೋಟೆಯ ಕಬಿನಿ ಹಿನ್ನೀರು. ಒಂದು ಕಾಲಕ್ಕೆ ಇದು ಕಾಕನಕೋಟೆಯ ಖೆಡ್ಡಾದ ನೆಲ. ಕಾಡಾನೆಗಳ ಹಿಂಡನ್ನು ಸುತ್ತುವರಿದು, ನದಿ ದಾಟಿಸಿ, ಬೇಲಿಯೊಳಗೆ ಕೂಡಿಹಾಕುವ ಆ ಕೆಲಸವನ್ನು ನೋಡಲು ಮಹಾರಾಜರ ಅತಿಥಿಗಳು ದೂರದಿಂದ ಬರುತ್ತಿದ್ದರು. ಆನೆಯ ಜಾಡು ಹಿಡಿಯುವುದು, ಪಳಗಿಸುವುದು ಜೇನುಕುರುಬರ ವಿದ್ಯೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು ಆ ನೆಲದ ಬಹುಭಾಗ ನೀರಿನಡಿ ಹೋಯಿತು, ಹಳ್ಳಿಗಳೂ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ದಡದಲ್ಲಿ ಚಿಗುರುವ ಹುಲ್ಲಿಗೆ ನೂರಾರು ಆನೆಗಳು ಬಂದು ಸೇರತೊಡಗಿದವು. ಅಣೆಕಟ್ಟು ಕಟ್ಟಿದವರು ನೆನೆಸಿರದ ಈ ನೋಟ ಮುಂದೆ ಕಬಿನಿಯನ್ನು ಜಗತ್ತಿಗೆ ಪರಿಚಯಿಸಿತು.

ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿದ್ದು 1980ರಲ್ಲಿ. ಅದರ ಮೊದಲ ತಾಣ ಕಾರಾಪುರದ ಕಬಿನಿ ರಿವರ್ ಲಾಡ್ಜ್. ‘ಪಾಪಾ’ ಎಂದು ಎಲ್ಲರೂ ಕರೆಯುತ್ತಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅದನ್ನು ಬೆಳೆಸಿ, 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಬೇಟೆಗೆ ಹೆಸರಾದ ಕಾಡಿನಲ್ಲಿ ಪ್ರಾಣಿಯನ್ನು ನೋಡುವುದಕ್ಕೇ ಜನ ಹಣ ಕೊಡುತ್ತಾರೆ ಎಂಬುದನ್ನು ಈ ತಾಣ ತೋರಿಸಿಕೊಟ್ಟಿತು. ಆಮೇಲೆ ಖಾಸಗಿ ರೆಸಾರ್ಟ್‌ಗಳ ಸಾಲು ಬಂತು. ಅಲ್ಲಿ ಒಂದು ರಾತ್ರಿಯ ದರ, ಪಕ್ಕದ ಹಳ್ಳಿಯ ಕೂಲಿಯೊಬ್ಬನ ತಿಂಗಳ ದುಡಿಮೆಗೂ ಮೀರಿದ್ದುಂಟು.

ಆದರೂ ಎಚ್.ಡಿ. ಕೋಟೆ ಇಂದಿಗೂ ಹಿಂದುಳಿದ ತಾಲ್ಲೂಕು. ಕಬಿನಿ, ನುಗು, ತಾರಕ, ಹೆಬ್ಬಳ್ಳ, ಹೀಗೆ ನಾಲ್ಕು ಜಲಾಶಯಗಳಿರುವ ಈ ಸೀಮೆಯಲ್ಲಿ (ಸರಗೂರು ಈಗ ಬೇರೆ ತಾಲ್ಲೂಕು) ಆದಿವಾಸಿಗಳ ಹಾಡಿಗಳಲ್ಲಿ ಮನೆಗಳು ಸೋರುತ್ತವೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. ಒಂದೊಂದು ಹೆಜ್ಜೆಗೂ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಕಾಡಿನಿಂದ ದೂರ ಸರಿಯಬೇಕಾಯಿತು. ಇದೇ ಕಾಡಿನೊಳಗೆ, ಮೂರ್ಕಲ್‌ನಲ್ಲಿ, ದೊಡ್ಡ ಹೋಟೆಲ್ ಸಮೂಹವೊಂದಕ್ಕೆ ಸರ್ಕಾರ ಜಾಗ ಗುತ್ತಿಗೆಗೆ ಕೊಟ್ಟಾಗ ಆದಿವಾಸಿಗಳು ಬೀದಿಗಿಳಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟ್ ಮೆಟ್ಟಿಲೇರಿತು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಅರಣ್ಯ ಕಾಯ್ದೆಗೆ ವಿರುದ್ಧ ಎಂದು ತೀರ್ಪಿತ್ತಿತು. ತಲೆಮಾರುಗಳಿಂದ ಕಾಡಿನಲ್ಲಿದ್ದವರನ್ನು ಹೊರಗೆ ಕಳುಹಿಸಿ, ದುಡ್ಡಿದ್ದವರಿಗೆ ಒಳಗೆ ಕೊಠಡಿ ಕಟ್ಟಿಕೊಡುವುದು ಅಭಿವೃದ್ಧಿ ಹೇಗಾದೀತು ಎಂಬುದು ಅಂದು ಆದಿವಾಸಿಗಳು ಎತ್ತಿದ ಪ್ರಶ್ನೆ. ಅದಕ್ಕೆ ಇಂದಿಗೂ ವಯಸ್ಸಾಗಿಲ್ಲ.

2025ರ ಕೊನೆಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಒಬ್ಬರ ಹಿಂದೆ ಒಬ್ಬರಂತೆ ರೈತರು ಬಲಿಯಾದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಲು ಆದೇಶಿಸಿದರು. ಸಫಾರಿ ಮತ್ತು ರೆಸಾರ್ಟ್‌ಗಳ ಹಾವಳಿಯಿಂದಲೇ ಪ್ರಾಣಿಗಳು ಹೊರಬರುತ್ತಿವೆ ಎಂಬುದು ರೈತರ ದೂರು. ಸಫಾರಿ ನಿಂತರೆ ನಮ್ಮ ಒಲೆ ಹೇಗೆ ಉರಿಯಬೇಕು ಎಂಬುದು ವಾಹನ ಚಾಲಕರ, ಲಾಡ್ಜ್ ನೌಕರರ ಅಳಲು. ಎರಡೂ ಒಂದೇ ಊರಿನ ಜನರ ಮಾತು. ಸಫಾರಿಯಿಂದ ಹೊಲದ ರೈತನಿಗೂ ಏನಾದರೂ ಸಿಗುತ್ತಿದ್ದರೆ ಈ ಇಬ್ಬರೂ ಎದುರುಬದುರು ನಿಲ್ಲುತ್ತಿರಲಿಲ್ಲ. ಒಂದೇ ಪ್ರಾಣಿಯ ದರ್ಶನವನ್ನು ನಂಬಿದ ಪ್ರವಾಸೋದ್ಯಮ ಒಂದೇ ಬೆಳೆಯನ್ನು ನಂಬಿದ ಕೃಷಿಯಷ್ಟೇ ದುರ್ಬಲ ಎಂಬುದೂ ಆಗ ಬಯಲಾಯಿತು.

ಹನ್ನೆರಡು ತಿಂಗಳ ಪಂಚಾಂಗ

ಹುಲಿಯ ಆಚೆಗೆ ಈ ಸೀಮೆಯಲ್ಲಿ ಏನಿದೆ ಎಂದು ತಿಂಗಳ ಲೆಕ್ಕದಲ್ಲಿ ನೋಡಿದರೆ ಅಚ್ಚರಿಯಾಗುತ್ತದೆ. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ. ಶಿವರಾತ್ರಿಯ ಸುಮಾರಿಗೆ ಕಾವೇರಿ ದಡದ ಕಪ್ಪಡಿಯಲ್ಲಿ ರಾಚಪ್ಪಾಜಿ, ಚನ್ನಾಜಮ್ಮನವರ ಗದ್ದುಗೆಯ ಜಾತ್ರೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ಹಾಡುತ್ತ ಬರುತ್ತಾರೆ. ಅದೇ ದಿನಗಳಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರ ಹೊಸವರ್ಷ ಲೋಸರ್. ಮಾರ್ಚ್‌ನಿಂದ ಮೇವರೆಗೆ ಕಬಿನಿಯ ಆನೆಗಳು. ಮುಂಗಾರು ಬಲಿತ ಮೇಲೆ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಪಕ್ಕದ ಕೋದಂಡರಾಮನ ಗುಡಿಯಲ್ಲಿ ಸೀತೆ ನಿಂತಿರುವುದು ರಾಮನ ಬಲಗಡೆಗೆ. ದಸರೆಗೆ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರಾ ಆನೆಗಳ ಗಜಪಯಣ ಹೊರಡುತ್ತದೆ. ಬಿಳಿಕೆರೆಯ ಬಳಿ ಗೊಮ್ಮಟಗಿರಿಯ ಬಂಡೆಯ ಮೇಲೆ ಸುಮಾರು ಹದಿನೆಂಟು ಅಡಿಯ ಬಾಹುಬಲಿ ವರ್ಷವಿಡೀ ನಿಂತಿದ್ದಾನೆ. ನಾಲ್ಕು ತಾಲ್ಲೂಕುಗಳಲ್ಲಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ; ಭತ್ತದ ಗದ್ದೆಗಳ ನಡುವೆ ಸಾಗುವ ಆ ಪ್ರಯಾಣವೇ ಪಟ್ಟಣದ ಮಕ್ಕಳಿಗೆ ಒಂದು ಪಾಠ.

ಗಜಪಯಣವನ್ನೇ ತೆಗೆದುಕೊಳ್ಳಿ. ದಸರೆಯಲ್ಲಿ ಅಂಬಾರಿ ಹೊತ್ತ ಆನೆ ಅರ್ಜುನ ಬಳ್ಳೆ ಶಿಬಿರದವನು. ಎಂಟು ಬಾರಿ ಅಂಬಾರಿ ಹೊತ್ತ ಅವನು 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತಾಗ ನಾಡೇ ಕಣ್ಣೀರಿಟ್ಟಿತು. ಅವನ ನಂತರ ಅಂಬಾರಿ ಹೊತ್ತವನು ಮತ್ತಿಗೋಡು ಶಿಬಿರದ ಅಭಿಮನ್ಯು. ಈ ಆನೆಗಳ ಮಾವುತರು, ಕಾವಾಡಿಗಳಲ್ಲಿ ಹೆಚ್ಚಿನವರು ಆದಿವಾಸಿಗಳು. ಆನೆಯ ಮಾತು ಬಲ್ಲ ಆ ಮನೆತನಗಳ ಯುವಕರು, ಯುವತಿಯರು ಪ್ರವಾಸಿಗರಿಗೆ ಕಾಡನ್ನು ವಿವರಿಸುವ ಸ್ಥಾನದಲ್ಲಿ ಇರಬೇಕು. ಅವರಿಗೆ ಕಾಡಿನ ಬಗ್ಗೆ ಹೊರಗಿನವರು ಕಲಿಸಬೇಕಾದದ್ದು ಕಡಿಮೆ. ಬೇಕಾದದ್ದು ಮಾರ್ಗದರ್ಶಕರ ಪರವಾನಗಿ, ಒಂದಿಷ್ಟು ಭಾಷಾ ತರಬೇತಿ, ನಿಗದಿಯಾದ ಸಂಬಳ.

ಬೇರೆಯವರು ಮಾಡಿ ತೋರಿಸಿದ್ದು

ದೇಶದ ಒಟ್ಟು ಉತ್ಪನ್ನದಲ್ಲಿ ಪ್ರವಾಸೋದ್ಯಮದ ಪಾಲು ಶೇ 5ರ ಆಸುಪಾಸಿನಲ್ಲಿದೆ. ಕೇಂದ್ರದ ಸ್ವದೇಶ ದರ್ಶನ 2.0 ಯೋಜನೆಗೆ ಕರ್ನಾಟಕದಿಂದ ಹಂಪಿಯೊಂದಿಗೆ ಮೈಸೂರೂ ಆಯ್ಕೆಯಾಗಿದೆ. ಮೈಸೂರು ಎಂದರೆ ಅರಮನೆ, ಬೆಟ್ಟ, ಮೃಗಾಲಯ ಎಂಬಲ್ಲಿಗೇ ನಿಂತರೆ ಈ ನಾಲ್ಕು ತಾಲ್ಲೂಕುಗಳಿಗೆ ಅದರಿಂದ ಏನೂ ದಕ್ಕದು.

ಕೇರಳದ ಕುಮರಕಂನಲ್ಲಿ 2008ರಲ್ಲಿ ಜವಾಬ್ದಾರಿ ಪ್ರವಾಸೋದ್ಯಮದ ಪ್ರಯೋಗ ಶುರುವಾಯಿತು. ಗ್ರಾಮ ಪಂಚಾಯಿತಿ, ಕುಟುಂಬಶ್ರೀ ಮಹಿಳಾ ಸಂಘಗಳು, ಹೋಟೆಲ್‌ನವರು ಒಟ್ಟಿಗೆ ಕೂತು ಮಾತಾಡಿದರು. ಮಹಿಳೆಯರು ತರಕಾರಿ ಬೆಳೆಯುವುದು, ಹೋಟೆಲ್‌ಗಳು ಅದನ್ನು ಕೊಳ್ಳುವುದು, ಬೆಲೆ ಮತ್ತು ಗುಣಮಟ್ಟವನ್ನು ಸಮಿತಿ ನೋಡಿಕೊಳ್ಳುವುದು ಎಂದು ಒಪ್ಪಂದವಾಯಿತು. ಈ ಪ್ರಯೋಗ ಮುಂದೆ ಇಡೀ ರಾಜ್ಯದ ಕಾರ್ಯಕ್ರಮವಾಯಿತು. ಎಚ್.ಡಿ. ಕೋಟೆಯಿಂದ ಬಾವಲಿ ಗಡಿ ದಾಟಿದರೆ ಸಿಗುವ ವಯನಾಡು ಕೂಡ ಅದರ ಮೊದಲ ತಾಣಗಳಲ್ಲೊಂದು.

ಗೊರಿಲ್ಲಾ ನೋಡಲು ಜಗತ್ತೇ ಹೋಗುವ ರುವಾಂಡಾದಲ್ಲಿ ಉದ್ಯಾನದ ಆದಾಯದ ಒಂದು ಪಾಲನ್ನು ಸುತ್ತಲಿನ ಹಳ್ಳಿಗಳ ಶಾಲೆ, ಆಸ್ಪತ್ರೆ, ನೀರಿಗೆ ಮೀಸಲಿಡುವ ಪದ್ಧತಿ 2005ರಲ್ಲಿ ಬಂತು. ಮೊದಲು ಶೇ 5 ಇದ್ದ ಆ ಪಾಲು 2017ರಲ್ಲಿ ಶೇ 10 ಆಯಿತು. ಮೀನುಗಾರಿಕೆಯನ್ನೇ ನಂಬಿದ್ದ ಮಾಲ್ದೀವ್ಸ್ 1972ರಲ್ಲಿ ಮೊದಲ ರೆಸಾರ್ಟ್ ತೆರೆದು ಆರ್ಥಿಕತೆಯನ್ನೇ ಬದಲಿಸಿತು. ಆದರೆ ದಶಕಗಳ ಕಾಲ ಪ್ರವಾಸಿಗರು ಉಳಿದದ್ದು ಜನವಸತಿ ಇಲ್ಲದ ರೆಸಾರ್ಟ್ ದ್ವೀಪಗಳಲ್ಲಿ. ಜನ ವಾಸಿಸುವ ದ್ವೀಪಗಳಲ್ಲಿ ಸಣ್ಣ ಅತಿಥಿಗೃಹ ನಡೆಸಲು 2009ರ ನಂತರ ದಾರಿ ತೆರೆದಾಗಲೇ ಸಾಮಾನ್ಯ ಕುಟುಂಬಗಳಿಗೆ ಪ್ರವಾಸಿಯ ಹಣ ನೇರವಾಗಿ ತಲುಪತೊಡಗಿದ್ದು.

ಪ್ರವಾಸೋದ್ಯಮ ತಾನಾಗಿ ಬಡವರ ಕಡೆಗೆ ಹರಿಯುವುದಿಲ್ಲ ಎಂಬುದನ್ನು ಈ ಮೂರು ಉದಾಹರಣೆಗಳೂ ಹೇಳುತ್ತವೆ. ಕಾಲುವೆ ತೋಡಿದ ಕಡೆಗಷ್ಟೇ ಅದು ಹರಿಯುತ್ತದೆ.

ಮಾಡಬೇಕಾದದ್ದು

ತಂಬಾಕಿಗೆ ಸಿಕ್ಕ ವ್ಯವಸ್ಥೆಯನ್ನು ಪ್ರವಾಸೋದ್ಯಮಕ್ಕೂ ಕಟ್ಟಿಕೊಡಬೇಕು. ನಾಲ್ಕು ತಾಲ್ಲೂಕುಗಳಿಗೆ ಒಂದು ಸಂಸ್ಥೆ ಇರಲಿ, ಅದರಲ್ಲಿ ಪ್ರವಾಸೋದ್ಯಮ, ಅರಣ್ಯ, ಕೃಷಿ ಇಲಾಖೆಗಳ ಜೊತೆಗೆ ರೈತರು, ಹಾಡಿಗಳ ಪ್ರತಿನಿಧಿಗಳು, ಟಿಬೆಟನ್ ವಸಾಹತಿನವರು ಕೂರಲಿ. ಬ್ಯಾರನ್‌ಗೆ ಸಿಗುವಂತೆ ಹೋಂಸ್ಟೇಗೂ ಸುಲಭದ ನೋಂದಣಿ, ಸಾಲ, ಶುಚಿತ್ವದ ತಪಾಸಣೆ, ದರ್ಜೆ ಸಿಗಲಿ. ತಂಬಾಕು ಬಿಡಲು ಒಪ್ಪುವ ಪರವಾನಗಿದಾರರಿಗೆ ಮೊದಲ ಆದ್ಯತೆ ಇರಲಿ. ಮುದ್ದೆ, ಬಸ್ಸಾರು, ನಾಟಿಕೋಳಿ ಸಾರು, ಚಳಿಗಾಲದ ಅವರೆಕಾಳಿನ ಅಡುಗೆ ಮಾಡಬಲ್ಲ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅವಕ್ಕೆ ಬೇಕಾದದ್ದು ಒಂದು ಒಳ್ಳೆಯ ಶೌಚಾಲಯ ಕಟ್ಟಿಕೊಳ್ಳುವಷ್ಟು ಬಂಡವಾಳ ಮತ್ತು ಅತಿಥಿಯನ್ನು ತಲುಪುವ ದಾರಿ.

ಕಬಿನಿಯ ರೆಸಾರ್ಟ್‌ಗಳು ಹಾಲು, ಮೊಟ್ಟೆ, ಸೊಪ್ಪು, ಅಕ್ಕಿ, ರಾಗಿಯ ನಿಗದಿತ ಪಾಲನ್ನು ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳಿಂದ ಕೊಳ್ಳಬೇಕೆಂಬ ಷರತ್ತು ಪರವಾನಗಿಯಲ್ಲೇ ಬರಲಿ. ಕಾಡಂಚಿನಲ್ಲಿ ಹೊಸ ಕಟ್ಟಡಗಳಿಗೆ ಮಿತಿ ಇರಲಿ. ಸಫಾರಿಯ ಆದಾಯದಿಂದ ಕಾಡಂಚಿನ ಹಳ್ಳಿಗಳಿಗೆ ಸಲ್ಲುವ ಪಾಲು ಎಷ್ಟು, ಅದನ್ನು ಯಾವುದಕ್ಕೆ ಖರ್ಚು ಮಾಡಲಾಯಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಬೆಳೆ ಹಾನಿಗೆ, ಜೀವ ಹಾನಿಗೆ ಪರಿಹಾರ ತಡವಾಗದಿರಲಿ. ಚುಂಚನಕಟ್ಟೆಯ ಬಂಡೆಗಳ ಬಳಿ ಬೇಲಿ, ಕಾವಲು, ಬಟ್ಟೆ ಬದಲಿಸುವ ಕೋಣೆ ಆಗಲಿ. ಇವು ದೊಡ್ಡ ಯೋಜನೆಗಳ ಪಟ್ಟಿಯಲ್ಲಿ ಕಾಣದ ಸಣ್ಣ ಕೆಲಸಗಳು. ಪ್ರವಾಸಿ ಮತ್ತೊಮ್ಮೆ ಬರುವುದು, ಬಿಡುವುದು ಇವುಗಳ ಮೇಲೆಯೇ ನಿಂತಿದೆ.

ಪ್ರವಾಸೋದ್ಯಮ ತಂಬಾಕಿನ ಜಾಗವನ್ನು ಇಡಿಯಾಗಿ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು. 2018ರ ಮಳೆ, ಭೂಕುಸಿತಕ್ಕೆ ಕೊಡಗಿನ ಹೋಂಸ್ಟೇಗಳು ಖಾಲಿಯಾದವು, 2020ರ ಕೊರೊನಾಕ್ಕೆ ಎಲ್ಲ ಕಡೆ ಬೀಗ ಬಿತ್ತು. ಪ್ರವಾಸೋದ್ಯಮ ಜಮೀನು ಮಾರಿಸುವಂತಾಗಬಾರದು, ಹೊಲ ಉಳಿಸಿಕೊಂಡೇ ಮನೆಗೆ ಬರುವ ಎರಡನೆಯ ಆದಾಯವಾಗಬೇಕು. ಆಗ ರೈತ ಹೊಗೆಸೊಪ್ಪಿನ ಒಂದು ಎಕರೆಯನ್ನು ಧೈರ್ಯವಾಗಿ ರಾಗಿಗೋ ಹಣ್ಣಿನ ಗಿಡಕ್ಕೋ ಬಿಟ್ಟಾನು.

ಓದುಗರೂ ಇದರಲ್ಲಿ ಮಾಡಬಹುದಾದದ್ದಿದೆ. ಮುಂದಿನ ಸಲ ಕೊಡಗಿಗೆ ಹೊರಟಾಗ ಒಂದು ರಾತ್ರಿಯನ್ನು ಈ ನಾಲ್ಕು ತಾಲ್ಲೂಕುಗಳಿಗೆ ಕೊಡಿ. ಊರಿನವರ ಮನೆಯಲ್ಲಿ ಉಣ್ಣಿ, ಊರಿನ ಹುಡುಗನನ್ನೇ ದಾರಿ ತೋರಿಸಲು ಕರೆದುಕೊಳ್ಳಿ, ಕೊಡಬೇಕಾದ ಹಣವನ್ನು ಅವರ ಕೈಗೇ ಕೊಡಿ. ಸರ್ಕಾರದ ವ್ಯವಸ್ಥೆ ಬರುವವರೆಗೆ ಕಾಯಬೇಕಿಲ್ಲ, ಈ ಕೆಲಸವನ್ನು ನಾವು ಇಂದೇ ಶುರುಮಾಡಬಹುದು.